ಅಸ್ಥಿಸಂಪುಟವೂ ನಮ್ಮ ಬಡಗಿಗಳೂ

ಮನುಷ್ಯನು ಈ ಲೋಕಕ್ಕೆ ಬಂದಾಗ ಅವನನ್ನು ಮಲಗಿಸತಕ್ಕ ತೊಟ್ಟಿಲನ್ನು ಮಾಡುವವನು ಬಡಗಿ. ಅವನು ಕುಳಿತು ಉಣ್ಣುವ ಮಣೆ, ಮದುವೆಯ ದಿನದ ಹಸೆಮಣೆ, ಹೊಲ ಉಳುವ ನೇಗಿಲು, ಕೈಮುಗಿಯುವ ದೇವರ ಮಂಟಪ ಇವೆಲ್ಲವೂ ಬಡಗಿಯ ಉಳಿಯ ಕೆಳಗೆ ಹಾದು ಬಂದವುಗಳೇ. ಆದರೆ ಆಯುಸ್ಸು ಮುಗಿದು, ಚಿತೆ ಆರಿ, ಉಳಿದ ನಾಲ್ಕು ಎಲುಬುಗಳನ್ನು ಆಯ್ದು ಎತ್ತಿಡಬೇಕಾದ ಹೊತ್ತಿನಲ್ಲಿ ನಮ್ಮ ಪಟ್ಟಣವಾಸಿಗಳ ಕೈಗೆ ಸಿಕ್ಕುವ ಪಾತ್ರೆ ಯಾವುದು? ಅನೇಕ ವೇಳೆ ಅದು ಪ್ಲಾಸ್ಟಿಕ್ಕಿನ ಚೀಲ. ಇಲ್ಲವೆ ತಿಂಡಿ ತಿನಿಸು ತುಂಬಿ ಮಾರುವ ಜಾತಿಯ ತೆಳು ಡಬ್ಬಿ. ಇಲ್ಲವೆ ಸ್ಮಶಾನದ ಬಾಗಿಲಲ್ಲಿ ಅವಸರಕ್ಕೆ ಕೊಂಡು ಬಾಯಿಗೆ ಬಟ್ಟೆ ಬಿಗಿದ ಅರೆಬೆಂದ ಮಡಕೆ. ಲೋಕದಲ್ಲಿ ಇದಕ್ಕಿಂತ ದೊಡ್ಡ ಸಂಗತಿಗಳು ಎಷ್ಟೋ ಇವೆಯೆಂಬುದನ್ನು ನಾವು ಬಲ್ಲೆವು. ಆದರೂ ಮನೆಮನೆಗೂ ಒಂದಲ್ಲ ಒಂದು ದಿನ ಬರತಕ್ಕ ಈ ಸಣ್ಣ ಸಂಗತಿಯನ್ನು ಕುರಿತು ವಾಚಕ ಮಹಾಶಯರೊಡನೆ ಇಂದು ಕೊಂಚ ವಿಚಾರ ಮಾಡಬೇಕೆಂದಿದ್ದೇವೆ. ಶವವನ್ನು ಮಣ್ಣಿಗೆ ಒಪ್ಪಿಸುವ ಸಂಪ್ರದಾಯದವರಿಗೆ ಈ ಮಾತು ಅನ್ವಯಿಸುವುದಿಲ್ಲ. ಅಗ್ನಿಗೆ ಒಪ್ಪಿಸುವವರಿಗೆ ಮಾತ್ರ ಇದು ಸೇರಿದ್ದು.

ಪಾತ್ರೆ ಯಾವುದಾದರೇನು, ಒಳಗಿರುವುದು ಬೂದಿಯೇ ತಾನೆ ಎಂದು ಕೆಲವರು ವೇದಾಂತ ಹೇಳುವುದುಂಟು. ನಮ್ಮ ಹಿರಿಯರು ಹಾಗೆ ತಿಳಿದಿರಲಿಲ್ಲ. ಆಶ್ವಲಾಯನ ಗೃಹ್ಯಸೂತ್ರದ ನಾಲ್ಕನೆಯ ಅಧ್ಯಾಯದಲ್ಲಿ ಅಸ್ಥಿಸಂಚಯನದ ವಿಧಿಯನ್ನು ಹೇಳಿದೆ. ಅಂಗುಷ್ಠ ಮತ್ತು ಅನಾಮಿಕೆಗಳಿಂದ ಎಲುಬನ್ನು ಒಂದೊಂದಾಗಿ ಎತ್ತಬೇಕು. ಕುಂಭದೊಳಗೆ ಇಡುವಾಗ ಸದ್ದಾಗಕೂಡದು. ಪಾದದಿಂದ ಆರಂಭಿಸಿ ತಲೆಯಲ್ಲಿ ಮುಗಿಸಬೇಕು. ಗಂಡಸಿಗೆ ಒಂದು ಬಗೆಯ ಕುಂಭ, ಹೆಂಗಸಿಗೆ ಇನ್ನೊಂದು ಬಗೆಯದು. ಅದನ್ನು ಇಡುವ ಗುಂಡಿಗೂ ಸುತ್ತಲಿನ ನೀರು ಹರಿದು ಬಂದು ನಿಲ್ಲದ ಸ್ಥಳವನ್ನೇ ಆರಿಸಬೇಕು. ಸದ್ದಾಗಕೂಡದೆಂಬ ಆ ಒಂದು ಮಾತನ್ನು ಯೋಚಿಸಿ ನೋಡಿದರೆ ಸಾಕು. ಉರಿದುಹೋದ ಎಲುಬಿಗೆ ನೋವಾಗುವುದಿಲ್ಲವೆಂಬುದು ಸೂತ್ರಕಾರನಿಗೆ ತಿಳಿಯದೆ ಇತ್ತೆ? ಎತ್ತುವವನ ಕೈ ಒರಟಾಗಬಾರದೆಂಬುದೇ ಆ ವಿಧಿಯ ತಾತ್ಪರ್ಯವೆಂದು ನಮಗೆ ತೋರುತ್ತದೆ.

ಬೌದ್ಧರ ಗ್ರಂಥಗಳಲ್ಲಿ ಇನ್ನೂ ಒಂದು ಸಂಗತಿಯುಂಟು. ಕುಶೀನಗರದಲ್ಲಿ ಬುದ್ಧನ ದೇಹವನ್ನು ದಹಿಸಿದ ಮೇಲೆ ಅಸ್ಥಿಗಾಗಿ ರಾಜರುಗಳಲ್ಲಿ ಕಲಹವೇಳುವ ಹಾಗಾಯಿತು. ಆಗ ದ್ರೋಣನೆಂಬ ಬ್ರಾಹ್ಮಣನು ಮಧ್ಯಸ್ಥನಾಗಿ ನಿಂತು ಎಂಟು ಸಮಪಾಲು ಮಾಡಿಕೊಟ್ಟನು. ತನಗೆ ಏನು ಬೇಕೆಂದು ಕೇಳಿಕೊಂಡನು? ಅಸ್ಥಿಯನ್ನು ಅಳೆದ ಆ ಬರಿದಾದ ಕುಂಭವನ್ನು. ಅದನ್ನು ಒಯ್ದು ಅದರ ಮೇಲೆಯೂ ಒಂದು ಸ್ತೂಪವನ್ನು ಕಟ್ಟಿಸಿದನೆಂದು ಮಹಾಪರಿನಿಬ್ಬಾಣ ಸುತ್ತವು ಹೇಳುತ್ತದೆ. ಇತ್ತ ಜಪಾನಿನಲ್ಲಿ ಇಂದಿಗೂ ಮನೆಯವರೇ ಚಿತೆಯ ಸುತ್ತ ನಿಂತು, ಕಡ್ಡಿಗಳಿಂದ ಎಲುಬುಗಳನ್ನು ಎತ್ತಿ ಭರಣಿಯೊಳಗೆ ಇಡುತ್ತಾರೆ. ಅಲ್ಲಿಯೂ ಪಾದವೇ ಮೊದಲು, ತಲೆಯೇ ಕಡೆ. ಸತ್ತವರು ಭರಣಿಯಲ್ಲಿ ತಲೆಕೆಳಗಾಗಬಾರದಂತೆ! ಆ ಭರಣಿಯನ್ನು ಕಿರಿ ಎಂಬ ಹಗುರವಾದ ಮರದ ಪೆಟ್ಟಿಗೆಯಲ್ಲಿಟ್ಟು, ಬಿಳಿಯ ವಸ್ತ್ರ ಸುತ್ತಿ, ಎರಡು ಕೈಗಳಿಂದಲೂ ಹಿಡಿದು ಮನೆಗೆ ತರುತ್ತಾರೆ. ನಮ್ಮ ಪುರಾತನರ ವಿಧಿಯೂ ಸಮುದ್ರದಾಚೆಯ ಆ ಜನರ ನಡತೆಯೂ ಹೀಗೆ ಕೂಡಿಕೊಂಡಿರುವಲ್ಲಿ, ವಿಧಿಯ ಒಡೆಯರಾದ ನಾವು ಮಾತ್ರ ಪ್ಲಾಸ್ಟಿಕ್ಕಿನ ಚೀಲಕ್ಕೆ ಇಳಿದಿರುವುದು ಶೋಚನೀಯವಲ್ಲವೆ?

ಇದಕ್ಕೆ ಕಾರಣವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಊರಿನ ಹೊಳೆಯ ದಂಡೆಯಲ್ಲಿ ಸುಟ್ಟು, ಮೂರನೆಯ ದಿನ ಅದೇ ಹೊಳೆಗೆ ಬಿಡುವ ಕಾಲದಲ್ಲಿ ಪಾತ್ರೆಯ ಕೆಲಸ ಒಂದು ಗಳಿಗೆಯದು. ಅದಕ್ಕೆ ಕುಂಬಾರನ ಮಡಕೆ ಸಾಕಾಗಿತ್ತು. ಮಣ್ಣು ಮಣ್ಣಿಗೆ ಸೇರುತ್ತಿತ್ತು. ಈಗ ಪಟ್ಟಣದಲ್ಲಿ ವಿದ್ಯುತ್ ಚಿತಾಗಾರವುಂಟು; ಕೆಲವು ಗಂಟೆಗಳೊಳಗೆ ಅಸ್ಥಿಯು ಕೈಗೆ ಬರುತ್ತದೆ. ಆದರೆ ಮಗನು ಸಿಂಗಾಪುರದಲ್ಲಿಯೋ ಅಮೆರಿಕೆಯಲ್ಲಿಯೋ ಇರುತ್ತಾನೆ. ಅವನು ಬರುವ ತನಕ ಅದು ಎಲ್ಲಿಯಾದರೂ ಇರಬೇಕು. ಬಂದ ಮೇಲೆ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೋ ಗೋಕರ್ಣಕ್ಕೋ ಕಾಶಿಗೋ ಮೋಟಾರಿನಲ್ಲಿ, ರೈಲಿನಲ್ಲಿ, ವಿಮಾನದಲ್ಲಿ ಹೋಗಬೇಕು. ಕಾದಿರುವ ದಿನಗಳು ಹೆಚ್ಚಿದವು, ಪ್ರಯಾಣದ ದೂರವೂ ಹೆಚ್ಚಿತು. ಪಾತ್ರೆಯ ವಿಚಾರವನ್ನು ಮಾತ್ರ ಯಾರೂ ಮಾಡಲಿಲ್ಲ. ಮಡಕೆ ದಾರಿಯಲ್ಲಿ ಒಡೆದೀತೆಂಬ ಭಯದಿಂದ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದರು. ಆ ಮೇಲೆ ಮಡಕೆಯನ್ನೂ ಬಿಟ್ಟರು, ಪ್ಲಾಸ್ಟಿಕ್ಕು ಉಳಿಯಿತು. ಅದು ಕಡೆಗೆ ಹೋಗಿ ಬೀಳುವುದೆಲ್ಲಿ? ಹೊಳೆಯ ಮೆಟ್ಟಿಲಲ್ಲಿಯೇ. ಎಲುಬು ಕರಗುತ್ತದೆ, ಹೂವು ಕೊಳೆಯುತ್ತದೆ. ಚೀಲ ಮಾತ್ರ ನಮ್ಮ ಮೊಮ್ಮಕ್ಕಳ ಕಾಲದವರೆಗೂ ಕಾವೇರಿಯ ಕಲ್ಲಿಗೆ ತೊಡರಿಕೊಂಡು ಇರುತ್ತದೆ.

೨೦೨೧ನೆಯ ಇಸವಿಯ ಮಹಾಮಾರಿಯನ್ನು ಯಾರೂ ಮರೆತಿಲ್ಲ. ಆ ಬೇಸಗೆಯಲ್ಲಿ ಬೆಂಗಳೂರಿನ ಚಿತಾಗಾರಗಳಲ್ಲಿ ದಹನವಾದವರ ಪೈಕಿ ಐನೂರಕ್ಕೂ ಮಿಕ್ಕ ಜನರ ಅಸ್ಥಿಯನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಬಂದರೆ ತಮಗೂ ಸೋಂಕು ತಗುಲೀತೆಂದು ಹೆದರಿದವರಿದ್ದರು. ಬರಬೇಕಾದವರೇ ಹಾಸಿಗೆ ಹಿಡಿದಿದ್ದರು. ಕೆಲವು ಮನೆಗಳಲ್ಲಿ ಬರಲು ಯಾರೂ ಉಳಿದಿರಲಿಲ್ಲ. ಆ ವರ್ಷದ ಜೂನ್ ತಿಂಗಳಲ್ಲಿ ರಾಜ್ಯ ಸರ್ಕಾರವೇ ಮುಂದೆ ನಿಂತು, ಕಂದಾಯ ಸಚಿವರ ಸಮಕ್ಷಮದಲ್ಲಿ, ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯ ಬಳಿ ಅವುಗಳನ್ನು ಕಾವೇರಿಗೆ ಬಿಟ್ಟಿತು. ಅದು ಸರ್ಕಾರಕ್ಕೆ ಶೋಭೆ ತಂದ ಕಾರ್ಯವೇ ಸರಿ. ಆದರೆ ಅದರಿಂದ ಕಲಿಯಬೇಕಾದ ಪಾಠವೊಂದುಂಟು. ಯಾರದೆಂದು ಕೇಳುವವರಿಲ್ಲದ ಅಸ್ಥಿಗೂ ವಾರಗಟ್ಟಲೆ ಒಂದು ನೆಲೆ ಬೇಕಾಗುತ್ತದೆ. ಆ ನೆಲೆಯ ಮೇಲೆ ಒಂದು ಹೆಸರು, ಒಂದು ದಿನಾಂಕ ಅಳಿಯದಂತೆ ಇರಬೇಕಾಗುತ್ತದೆ. ಚೀಟಿ ಅಂಟಿಸಿದ ಚೀಲವು ಈ ಕೆಲಸಕ್ಕೆ ತಕ್ಕದ್ದಲ್ಲ. ಸಾಲಾಗಿ ಇಟ್ಟ ಚೀಲಗಳಲ್ಲಿ ಒಂದರ ಚೀಟಿ ಕಳಚಿ ಬಿದ್ದರೆ, ಬದುಕಿದ್ದಾಗ ಹೆಸರು ಹೊತ್ತಿದ್ದ ಒಬ್ಬ ಮನುಷ್ಯನು ಶಾಶ್ವತವಾಗಿ ಹೆಸರಿಲ್ಲದವನಾಗುತ್ತಾನೆ.

ಈಗ ಪಾಶ್ಚಾತ್ಯರ ಕಡೆಗೆ ಕೊಂಚ ದೃಷ್ಟಿ ಹೊರಳಿಸೋಣ. ಇಂಗ್ಲೆಂಡಿನಲ್ಲಿ ಶವದಹನವು ಅಪರಾಧವಲ್ಲವೆಂದು ನ್ಯಾಯಾಲಯವು ಹೇಳಿದ್ದು ೧೮೮೪ರಲ್ಲಿ. ವೋಕಿಂಗ್ ಎಂಬಲ್ಲಿ ಅಲ್ಲಿನ ಮೊದಲ ಚಿತಾಗಾರದಲ್ಲಿ ದಹನ ನಡೆದದ್ದು ೧೮೮೫ರಲ್ಲಿ. ಕ್ಯಾಥೊಲಿಕ್ ಧರ್ಮಪೀಠವು ತನ್ನ ನಿಷೇಧವನ್ನು ಸಡಿಲಿಸಿದ್ದು ೧೯೬೩ರಲ್ಲಿ. ಅಮೆರಿಕೆಯಲ್ಲಿ ೧೯೬೦ರ ಸುಮಾರಿಗೆ ಸತ್ತವರಲ್ಲಿ ನೂರಕ್ಕೆ ನಾಲ್ವರನ್ನೂ ಸುಡುತ್ತಿರಲಿಲ್ಲ. ಈಗ ಆ ಸಂಖ್ಯೆ ನೂರಕ್ಕೆ ೬೦ರ ಆಸುಪಾಸಿಗೆ ಬಂದಿದೆ. ಅಲ್ಲಿ ದಹನದ ನಂತರ ಎಲುಬುಗಳನ್ನು ಯಂತ್ರದಲ್ಲಿ ಪುಡಿ ಮಾಡಿ, ಸಮಸ್ತ ಭಸ್ಮವನ್ನೂ ಮನೆಯವರಿಗೆ ಕೊಡುವುದು ವಾಡಿಕೆ. ಒಬ್ಬ ವಯಸ್ಕನ ಭಸ್ಮಕ್ಕೆ ಸುಮಾರು ೨೦೦ ಘನ ಅಂಗುಲದ, ಎಂದರೆ ಮೂರು ಲೀಟರಿಗೆ ಕೊಂಚ ಹೆಚ್ಚಾಗಿ ಹಿಡಿಯುವ, ಪಾತ್ರೆ ಬೇಕು. ಅದನ್ನು ಅವರು ಮನೆಯಲ್ಲಿಟ್ಟುಕೊಳ್ಳುತ್ತಾರೆ, ಇಲ್ಲವೆ ನೆಲದಲ್ಲಿ ಹೂಳುತ್ತಾರೆ, ಇಲ್ಲವೆ ಪ್ರಿಯವಾದ ಸ್ಥಳದಲ್ಲಿ ಚೆಲ್ಲುತ್ತಾರೆ. ಹೀಗಾಗಿ ಅಸ್ಥಿಸಂಪುಟಗಳನ್ನು ಮಾಡುವುದೇ ಅಲ್ಲಿ ಒಂದು ಕಸಬಾಗಿ ಬೆಳೆದಿದೆ. ಊರಿನ ಬಡಗಿಯು ಅಕ್ರೋಡು, ಚೆರ್ರಿ, ಓಕ್ ಮರಗಳಲ್ಲಿ ಒಂದೊಂದಾಗಿ ಪೆಟ್ಟಿಗೆ ಮಾಡುತ್ತಾನೆ. ಅಯೋವ ಸಂಸ್ಥಾನದ ನ್ಯೂ ಮೆಲ್ಲೆರೆ ಎಂಬ ಮಠದ ಸಂನ್ಯಾಸಿಗಳು ತಮ್ಮ ಮಠದ ಕಾಡಿನ ಮರದಿಂದ ಶವಪೆಟ್ಟಿಗೆಗಳನ್ನೂ ಭಸ್ಮದ ಸಂಪುಟಗಳನ್ನೂ ಮಾಡಿ ಜೀವನ ಸಾಗಿಸುತ್ತಾರೆ. ತೀರಿಕೊಂಡವರ ಹೆಸರಿನಲ್ಲಿ ಒಂದೊಂದು ಸಸಿಯನ್ನೂ ನೆಡುತ್ತಾರೆ.

ಇನ್ನು ನಮ್ಮವರು ಲಕ್ಷ್ಯವಿಟ್ಟು ಕೇಳಬೇಕಾದ ಸಂಗತಿ ಇದು. ಆ ದೇಶಗಳ ಅಂಗಡಿಗಳಲ್ಲಿ ಮಾರಾಟವಾಗುವ ಸಂಪುಟಗಳಲ್ಲಿ ಎಷ್ಟೋ ನಮ್ಮ ದೇಶದಲ್ಲಿಯೇ ಮಾಡಿದವು. ಉತ್ತರ ಪ್ರದೇಶದ ಮೊರಾದಾಬಾದಿನ ಕಂಚುಗಾರರು ಹಿತ್ತಾಳೆಯ ಕಲಶಗಳನ್ನೂ, ಸಹಾರನಪುರದ ಕೆತ್ತನೆಗಾರರು ಶೀಶಮ್ ಮರದ ಪೆಟ್ಟಿಗೆಗಳನ್ನೂ ಮಾಡಿ ಕಡಲಾಚೆಗೆ ಕಳಿಸುತ್ತಾರೆ. ತಾನು ಎಂದೂ ಕಾಣದ ಊರಿನ, ಹೆಸರೂ ತಿಳಿಯದ ಮುದುಕಿಯೊಬ್ಬಳ ಭಸ್ಮಕ್ಕಾಗಿ ಸಹಾರನಪುರದ ಬಡಗಿಯು ಮುಚ್ಚಳದ ಮೇಲೆ ಬಳ್ಳಿಯನ್ನು ಕೆತ್ತುತ್ತಾನೆ. ಅವನ ನೆರೆಮನೆಯಲ್ಲಿ ಸಾವಾದಾಗ ಅಸ್ಥಿಗೆ ಒದಗುವುದು ಅಂಗಡಿಯ ಡಬ್ಬಿ! ಕೈಕಸಬು ನಮ್ಮದು, ಮರ ನಮ್ಮದು, ದಹನವೆಂಬ ಸಂಸ್ಕಾರವೂ ಅನಾದಿಯಿಂದ ನಮ್ಮದು. ಆದರೆ ಈ ಮೂರೂ ಒಂದೆಡೆ ಕೂಡಿಕೊಳ್ಳಬೇಕಾದರೆ ಸಮುದ್ರವನ್ನು ದಾಟಬೇಕಾಗಿ ಬಂದಿದೆ. ಇದರ ಅಪಾಯವು ಈಚೆಗೆ ಚೆನ್ನಾಗಿ ತೋರಿಬಂದಿತು. ೨೦೨೫ರ ಆಗಸ್ಟ್ ೨೭ರಿಂದ ಅಮೆರಿಕೆಯು ನಮ್ಮ ಬಹುತರ ಸರಕುಗಳ ಮೇಲಿನ ಸುಂಕವನ್ನು ನೂರಕ್ಕೆ ೫೦ಕ್ಕೆ ಏರಿಸಿತು. ಪರದೇಶದ ಬೇಡಿಕೆಯನ್ನೇ ನಂಬಿಕೊಂಡಿದ್ದ ಕರಕುಶಲ ಕೆಲಸದ ಊರುಗಳಿಗೆ ಆ ಪೆಟ್ಟು ಬಿದ್ದಿತು. ಸುಂಕವು ಏರಲಿ, ಇಳಿಯಲಿ. ಯಾವ ಕಸಬುದಾರನ ಅನ್ನವು ಪರರಾಜ್ಯದ ಒಂದು ಆಜ್ಞೆಯ ಮೇಲೆ ನಿಂತಿದೆಯೋ ಅವನು ಸ್ವತಂತ್ರನಲ್ಲ. ಮನೆಯ ಗಿರಾಕಿಯುಳ್ಳ ಕಸಬೇ ಗಟ್ಟಿಯಾದ ಕಸಬು.

ಅಸ್ಥಿಸಂಪುಟವೆಂದರೆ ದೊಡ್ಡ ವಿದ್ಯೆಯೇನೂ ಅಲ್ಲವೆಂದು ತೋರಬಹುದು. ನೋಡುವುದಕ್ಕೆ ಅದೊಂದು ಪೆಟ್ಟಿಗೆ. ಆದರೆ ಕೆಲಸ ಬಲ್ಲವನಿಗೇ ಅದರ ಕಷ್ಟ ಗೊತ್ತು. ಮರವು ಮೊದಲು ಚೆನ್ನಾಗಿ ಒಣಗಿರಬೇಕು. ಹಸಿಯ ಮರದಲ್ಲಿ ಮಾಡಿದ್ದು ತಿಂಗಳೊಪ್ಪತ್ತಿನಲ್ಲಿ ಸೊಟ್ಟಾಗುತ್ತದೆ, ಇಲ್ಲವೆ ಸೀಳುತ್ತದೆ. ಒಣಗಿದ ಮರವೂ ಸುಮ್ಮನಿರುವುದಿಲ್ಲ. ಮಂಗಳೂರಿನ ಮಳೆಯಲ್ಲಿ ಉಬ್ಬಿ, ಬಳ್ಳಾರಿಯ ಬಿಸಿಲಲ್ಲಿ ಕುಗ್ಗುತ್ತದೆ. ಆದುದರಿಂದ ಮುಚ್ಚಳವು ಬಿಗಿಯಾಗಿಯೂ ಇರಬೇಕು, ಮರ ಉಬ್ಬಿದರೆ ಕಚ್ಚಿಕೊಂಡು ನಿಲ್ಲದಂತೆ ಎಳೆಯಷ್ಟು ಬಿಡುವೂ ಇರಬೇಕು. ಮೂಲೆಗಳಲ್ಲಿ ಹಲಗೆಗಳು ಹಲ್ಲಿಗೆ ಹಲ್ಲು ಕೊಟ್ಟು ಕೂಡಿಕೊಳ್ಳಬೇಕೇ ಹೊರತು ಕಬ್ಬಿಣದ ಮೊಳೆಯನ್ನು ಹೊಡೆಯಬಾರದು. ಮೊಳೆ ತುಕ್ಕು ಹಿಡಿದರೆ ಮರವೂ ಕೆಡುತ್ತದೆ. ಬೇಕಾದ ಕಡೆ ಬಿದಿರಿನ ಗೂಟ ಸಾಕು. ಒಳಗೆ ಕೈನೂಲಿನ ಚೀಲವಿರಬೇಕು. ಮೇಲೆ ಹೆಸರು ಕೊರೆಯಲು ಅಂಗೈಯಷ್ಟು ಜಾಗವನ್ನು ನಯಮಾಡಿ ಬಿಟ್ಟಿರಬೇಕು. ನಮ್ಮಲ್ಲಿ ಭಸ್ಮವೆಲ್ಲವನ್ನೂ ಒಯ್ಯುವ ವಾಡಿಕೆಯಿಲ್ಲ. ಆಯ್ದ ಅಸ್ಥಿಗಳನ್ನು ಮಾತ್ರ ಒಯ್ಯುತ್ತೇವೆ. ಆದುದರಿಂದ ಪರದೇಶದ ಅಳತೆ ನಮಗೆ ಬೇಡ. ಸೇರು ಎರಡು ಸೇರು ಹಿಡಿಯುವಷ್ಟಿದ್ದರೆ ಸಾಕು. ಎರಡು ಕೈಗಳಲ್ಲಿ ಹಿಡಿದಾಗ ಅಂಗೈಗಳು ತುಂಬಿಕೊಳ್ಳುವ ಗಾತ್ರವೇ ಸರಿಯಾದ ಗಾತ್ರ.

ಇಂಥ ಕೆಲಸಕ್ಕೆ ಕನ್ನಡನಾಡಿನಲ್ಲಿ ಕೈಗಳಿಗೆ ಬರಗಾಲವೆ? ಚನ್ನಪಟ್ಟಣದವರು ಹಗುರವಾದ ಆಲೆ ಮರವನ್ನು ತಿಂಗಳುಗಟ್ಟಲೆ ಒಣಗಿಸಿ, ಕಡೆಯುವ ಯಂತ್ರಕ್ಕೆ ಸಿಕ್ಕಿಸಿ, ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಉಜ್ಜುವಿಕೆಯ ಕಾವಿಗೇ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಮಕ್ಕಳ ಆಟಿಕೆಗಳನ್ನೂ ಕುಂಕುಮದ ಭರಣಿಗಳನ್ನೂ ಮಾಡುವ ಆ ಕೈಗೆ ಒಂದು ಅಸ್ಥಿಯ ಭರಣಿ ಅಸಾಧ್ಯವೆ? ಸಾಗರ ಸೊರಬಗಳ ಗುಡಿಗಾರರು ತಲೆಮಾರುಗಳಿಂದ ದೇವರ ವಿಗ್ರಹಗಳನ್ನೂ ಕರಂಡಕಗಳನ್ನೂ ಕೆತ್ತಿದವರು. ಮೈಸೂರಿನಲ್ಲಿ ಬೀಟೆಯ ಮರದೊಳಗೆ ಬೇರೆ ಬಣ್ಣದ ಮರವನ್ನು ಕೂಡಿಸಿ ಚಿತ್ರ ಬಿಡಿಸುವವರು ಇದ್ದಾರೆ. ಇಷ್ಟೇ ಅಲ್ಲ, ಪ್ರತಿ ತಾಲ್ಲೂಕಿನಲ್ಲಿಯೂ ಕಾರ್ಖಾನೆಯ ಹಲಗೆಯ ಬೀರುಗಳು ಬಂದ ಮೇಲೆ ಕೆಲಸ ಕಡಮೆಯಾಗಿ, ಉಳಿ ಬಾಚಿಗಳನ್ನು ಅಟ್ಟಕ್ಕೆ ಏರಿಸಿದ ಬಡಗಿಗಳಿದ್ದಾರೆ. ಒಂದು ಪುರಸಭೆಯು ತನ್ನ ಊರಿನ ಇಬ್ಬರು ಬಡಗಿಗಳಿಗೆ ವರ್ಷಕ್ಕೆ ಬೇಕಾಗುವಷ್ಟು ಸಂಪುಟಗಳ ಕೆಲಸವನ್ನು ಕೊಟ್ಟರೆ ಆ ಎರಡು ಸಂಸಾರಗಳಿಗೆ ಒಂದು ಆಧಾರವಾಗುತ್ತದೆ.

ಇದಕ್ಕೆ ಬರತಕ್ಕ ಆಕ್ಷೇಪಣೆಗಳನ್ನು ನಾವು ಅರಿಯದವರಲ್ಲ. ಮೊದಲನೆಯದು, ಮಡಕೆಯಿರುವಾಗ ಮರವೇಕೆ ಎಂಬುದು. ಮಡಕೆಯನ್ನು ಬಿಡಿರೆಂದು ನಾವು ಹೇಳುವುದೇ ಇಲ್ಲ. ಸುಟ್ಟ ಊರಿನಲ್ಲಿಯೇ, ಒಂದೆರಡು ದಿನಗಳೊಳಗೇ ಹೊಳೆಗೆ ಬಿಡುವವರಿಗೆ ಚೆನ್ನಾಗಿ ಬೆಂದ ಮಣ್ಣಿನ ಕುಂಭಕ್ಕಿಂತ ಉತ್ತಮವಾದುದು ಇನ್ನೊಂದಿಲ್ಲ. ಕುಂಬಾರನ ಆ ಹಕ್ಕಿಗೆ ಬಡಗಿಯು ಕೈಹಾಕಬಾರದು. ಕಾದಿಡಬೇಕಾದಾಗ, ದೂರ ಒಯ್ಯಬೇಕಾದಾಗ ಮಾತ್ರ ಮರದ ಪ್ರಶ್ನೆ ಏಳುತ್ತದೆ. ಈಗ ಅಲ್ಲಿ ಮಡಕೆಯ ಜಾಗದಲ್ಲಿರುವುದು ಪ್ಲಾಸ್ಟಿಕ್ಕು. ನಮ್ಮ ಸ್ಪರ್ಧೆ ಅದರೊಡನೆಯೇ ಹೊರತು ಕುಂಬಾರನೊಡನೆ ಅಲ್ಲ.

ಎರಡನೆಯದು, ಅಸ್ಥಿಯನ್ನು ಮನೆಯೊಳಗೆ ಇಟ್ಟುಕೊಳ್ಳುವ ಪರದೇಶೀಯರ ಪದ್ಧತಿಗೆ ಇದು ದಾರಿಯಾದೀತೆಂಬ ಶಂಕೆ. ಸಂಪುಟವನ್ನು ಕಪಾಟಿನಲ್ಲಿ ಇಟ್ಟುಕೊಳ್ಳಿರೆಂದು ನಾವು ಯಾರಿಗೂ ಉಪದೇಶಿಸುವುದಿಲ್ಲ. ತೀರ್ಥದಲ್ಲಿ ಅಸ್ಥಿಯನ್ನು ಬಿಟ್ಟ ಮೇಲೆ ಬರಿದಾದ ಸಂಪುಟವನ್ನು ನೀರಿಗೆ ಎಸೆಯಲೂಬಾರದು. ಮರವು ತೇಲುತ್ತದೆ, ಕೆಳಗಿನ ಊರಿನ ದಡಕ್ಕೆ ಹೋಗಿ ಹತ್ತುತ್ತದೆ. ಬಣ್ಣ ಬಳಿಯದ ಸಾದಾ ಮರವಾದರೆ ಅದನ್ನು ಅಗ್ನಿಗೆ ಕೊಡಬಹುದು. ಇಲ್ಲವೆ ಸಸಿಯೊಂದರ ಬುಡದಲ್ಲಿ ಹೂಳಬಹುದು. ದ್ರೋಣನಂತೆ ಅದಕ್ಕೆ ಸ್ತೂಪ ಕಟ್ಟಬೇಕಾಗಿಲ್ಲ. ಒಂದು ಹೊಂಗೆಯ ಗಿಡ ಬೆಳೆದರೆ ಸಾಕು.

ಕಾದಿಡುವ ಕಾಲ ಎಷ್ಟು ದೀರ್ಘವಾಗಬಹುದೆಂಬುದಕ್ಕೆ ನಮ್ಮ ರಾಷ್ಟ್ರೀಯ ಚರಿತ್ರೆಯಲ್ಲಿಯೇ ದೃಷ್ಟಾಂತವಿದೆ. ಪಂಡಿತ ಶ್ಯಾಮಜಿ ಕೃಷ್ಣವರ್ಮರು ೧೯೩೦ನೆಯ ಮಾರ್ಚ್ ೩೦ರಂದು ಜಿನೀವಾ ನಗರದಲ್ಲಿ ಕಾಲವಾದರು. ಅವರ ಪತ್ನಿ ಭಾನುಮತಿಯವರು ೧೯೩೩ರಲ್ಲಿ ತೀರಿಕೊಂಡರು. ದೇಶವು ಸ್ವತಂತ್ರವಾದ ಮೇಲೆ ತಮ್ಮ ಅಸ್ಥಿಯನ್ನು ತಾಯ್ನಾಡಿಗೆ ಒಯ್ಯಬೇಕೆಂದೂ, ಅಲ್ಲಿಯ ವರೆಗೆ ಕಾದಿಡಬೇಕೆಂದೂ ಅವರು ಮುಂಗಡವಾಗಿ ಹಣ ಕಟ್ಟಿ ಏರ್ಪಾಡು ಮಾಡಿದ್ದರು. ದೇಶವು ೧೯೪೭ರಲ್ಲಿ ಸ್ವತಂತ್ರವಾಯಿತು. ಆ ಕಲಶಗಳು ಭರತಭೂಮಿಗೆ ಬಂದದ್ದು ೨೦೦೩ರ ಆಗಸ್ಟಿನಲ್ಲಿ. ಎಪ್ಪತ್ತಮೂರು ವರ್ಷ ಪರದೇಶದ ಸ್ಮಶಾನದವರು ಅವುಗಳನ್ನು ಕಾಪಾಡಿ ಒಪ್ಪಿಸಿದರು. ಇನ್ನು ಮಹಾತ್ಮರ ಅಸ್ಥಿಯ ಮಾತು. ೧೯೪೮ರ ಫೆಬ್ರವರಿಯಲ್ಲಿ ದೇಶದ ನಾನಾ ತೀರ್ಥಗಳಲ್ಲಿ ಅದು ವಿಸರ್ಜನೆಗೊಂಡಿತಷ್ಟೆ. ಒಂದು ಪಾಲು ಮಾತ್ರ ಒಡಿಶಾದ ಕಟಕ್ ನಗರದ ಬ್ಯಾಂಕೊಂದರ ಭದ್ರಕೋಣೆಯಲ್ಲಿ ದಶಕಗಳ ಕಾಲ ಕುಳಿತಿದ್ದು, ೧೯೯೭ರ ಜನವರಿ ೩೦ರಂದು ತ್ರಿವೇಣಿ ಸಂಗಮಕ್ಕೆ ಸೇರಿತು. ರಾಷ್ಟ್ರಪಿತನ ಅಸ್ಥಿಗೇ ಹೀಗಾದ ಮೇಲೆ ಸಾಮಾನ್ಯರ ಅಸ್ಥಿ ಎಲ್ಲೆಲ್ಲಿ ಎಷ್ಟೆಷ್ಟು ದಿನ ಕಾಯುತ್ತದೆಯೆಂದು ಕೇಳಬೇಕಾಗಿಲ್ಲ.

ಕಡಲಾಚೆ ನೆಲಸಿದ ನಮ್ಮ ಕನ್ನಡಿಗರಿಗೂ ಇದು ಅನುದಿನದ ಪ್ರಶ್ನೆಯೇ. ತಂದೆಯೋ ತಾಯಿಯೋ ಅಲ್ಲಿ ಮಗನ ಮನೆಯಲ್ಲಿದ್ದಾಗ ಕಾಲವಾದರೆ, ಕಾವೇರಿಗೋ ತುಂಗಭದ್ರೆಗೋ ಅಸ್ಥಿಯನ್ನು ತರಬೇಕೆಂಬ ಬಯಕೆ ಸಹಜವಾದದ್ದು. ವಿಮಾನಕ್ಕೆ ಮರಣಪತ್ರ, ದಹನಪತ್ರಗಳು ಬೇಕೆಂಬುದು ಅನೇಕರಿಗೆ ಗೊತ್ತು. ಪಾತ್ರೆಯ ವಿಚಾರ ಅಷ್ಟಾಗಿ ಗೊತ್ತಿಲ್ಲ. ಅಮೆರಿಕೆಯ ವಿಮಾನ ನಿಲ್ದಾಣಗಳಲ್ಲಿ ಸಂಪುಟವನ್ನು ಕ್ಷಕಿರಣದ ಯಂತ್ರದಲ್ಲಿ ಹಾಯಿಸುತ್ತಾರೆ. ಸತ್ತವರ ಮೇಲಿನ ಗೌರವದಿಂದ ಅದನ್ನು ಬಿಚ್ಚಿ ನೋಡುವುದಿಲ್ಲ, ಮನೆಯವರೇ ಬಿಚ್ಚಿರೆಂದರೂ ಬಿಚ್ಚುವುದಿಲ್ಲ. ಆದುದರಿಂದ ಕಿರಣವು ಒಳಹೊಕ್ಕು ಕಾಣಿಸಲಾರದಷ್ಟು ದಪ್ಪವಾದ ಲೋಹದ ಕಲಶವಾದರೆ ಅದನ್ನು ಒಳಕ್ಕೆ ಬಿಡುವುದಿಲ್ಲ. ಮರದ ಸಂಪುಟಕ್ಕೆ ಈ ತೊಡಕಿಲ್ಲ. ತಾಯಿಯ ಅಸ್ಥಿಯನ್ನು ಎದೆಗವಚಿಕೊಂಡು ಬಂದ ಮಗನನ್ನು ವಿಮಾನದ ಬಾಗಿಲಲ್ಲಿ ಹಿಂದಕ್ಕೆ ನಿಲ್ಲಿಸುವುದಕ್ಕಿಂತ ದೊಡ್ಡ ಸಂಕಟ ಇನ್ನೇನಿದೆ?

ಮೂರನೆಯ ಆಕ್ಷೇಪಣೆಯೇ ಎಲ್ಲಕ್ಕಿಂತ ಗುರುತರವಾದದ್ದು. ಸಾವಿನ ಮನೆಯಲ್ಲಿ ವ್ಯಾಪಾರ ಹೊಕ್ಕರೆ ದುಃಖಿತರನ್ನು ಸುಲಿಯುವ ದಾರಿ ತೆರೆಯುತ್ತದೆ ಎಂಬುದು. ಇದು ನಿಜವಾದ ಭಯ. ಅಳುತ್ತಿರುವವನು ಬೆಲೆ ಕೇಳುವುದಿಲ್ಲ. ಕೇಳಿದರೆ ಸತ್ತವರಲ್ಲಿ ಪ್ರೀತಿ ಕಡಮೆಯೆಂದು ನಾಲ್ಕು ಜನ ತಿಳಿದಾರೆಂದು ಹೆದರುತ್ತಾನೆ. ಅಮೆರಿಕೆಯಲ್ಲಿ ಶವಸಂಸ್ಕಾರದ ವ್ಯಾಪಾರಿಗಳು ಈ ಹೆದರಿಕೆಯಿಂದಲೇ ಹಣ ಮಾಡಿಕೊಂಡರೆಂದು ಜೆಸಿಕಾ ಮಿಟ್‌ಫೋರ್ಡ್ ಎಂಬ ಲೇಖಕಿ ೧೯೬೩ರಲ್ಲಿ ಒಂದು ಗ್ರಂಥವನ್ನೇ ಬರೆದು ಬಯಲಿಗೆಳೆದರು. ಕಡೆಗೆ ೧೯೮೪ರಲ್ಲಿ ಅಲ್ಲಿನ ಸರ್ಕಾರವು ನಿಯಮ ಮಾಡಿ, ಬೆಲೆಗಳ ಪಟ್ಟಿಯನ್ನು ಬರೆಹದಲ್ಲಿ ಕೊಡತಕ್ಕದ್ದೆಂದು ವಿಧಿಸಿತು. ಲೂಸಿಯಾನಾ ಸಂಸ್ಥಾನದಲ್ಲಿ ಸೇಂಟ್ ಜೋಸೆಫ್ ಮಠದ ಸಂನ್ಯಾಸಿಗಳು ಸಾದಾ ಮರದ ಶವಪೆಟ್ಟಿಗೆಗಳನ್ನು ಮಾರಲು ತೊಡಗಿದಾಗ, ಪರವಾನಿಗೆಯುಳ್ಳ ವ್ಯಾಪಾರಿಗಳ ಹೊರತು ಇತರರು ಮಾರಕೂಡದೆಂದು ಅಲ್ಲಿನ ಮಂಡಲಿಯು ತಡೆಹಾಕಿತು. ಸಂನ್ಯಾಸಿಗಳು ನ್ಯಾಯಾಲಯಕ್ಕೆ ಹೋಗಿ ೨೦೧೩ರಲ್ಲಿ ಗೆದ್ದರು. ಮರದ ಒಂದು ಪೆಟ್ಟಿಗೆಗಾಗಿ ಸಂನ್ಯಾಸಿಗಳು ಕಟಕಟೆ ಹತ್ತಬೇಕಾಗಿ ಬಂದದ್ದನ್ನು ನೋಡಿದರೆ, ಈ ವ್ಯಾಪಾರಕ್ಕೆ ಮೊದಲೇ ಕಟ್ಟಳೆಯಿರಬೇಕೆಂಬುದು ಸ್ಪಷ್ಟವಾಗುತ್ತದೆ. ಬೆಂಗಳೂರಿನಂಥ ನಗರಗಳಲ್ಲಿ ಶವಸಂಸ್ಕಾರದ ಸಮಸ್ತ ಏರ್ಪಾಡನ್ನೂ ಗುತ್ತಿಗೆಗೆ ಹಿಡಿಯುವ ಅಂಗಡಿಗಳು ಆಗಲೇ ತಲೆಯೆತ್ತಿವೆ. ಅವು ದೊಡ್ಡವಾಗಿ ಬೆಳೆದ ಮೇಲೆ ಕಟ್ಟಳೆ ಮಾಡುವುದಕ್ಕಿಂತ ಬೆಳೆಯುವ ಮೊದಲೇ ಮಾಡುವುದು ಸುಲಭ.

ಇನ್ನೊಂದು ಎಚ್ಚರಿಕೆಯನ್ನೂ ಇಲ್ಲಿಯೇ ಹೇಳಬೇಕು. ಗೌರವವೆಂದರೆ ದುಬಾರಿಯಾದ ಮರವೆಂದು ಯಾರೂ ಭ್ರಮಿಸಬಾರದು. ಬೀಟೆಯು ಅಳಿವಿನ ಭಯದಲ್ಲಿರುವ ಮರ. ೨೦೧೭ರ ಆರಂಭದಿಂದ ಆ ಕುಲದ ಮರಗಳೆಲ್ಲದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿರ್ಬಂಧವಿದೆ. ಶ್ರೀಗಂಧದ ಸ್ಥಿತಿಯನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸತ್ತವರ ಹೆಸರಿನಲ್ಲಿ ಕಾಡಿಗೆ ಕೊಡಲಿ ಹಾಕಬಾರದು. ಆಲೆ, ಹಲಸು, ಬೇವು, ಮಾವು, ತೋಟದ ಸಿಲ್ವರ್ ಓಕ್ ಇವುಗಳಲ್ಲಿ ಯಾವುದಾದರೂ ಸಾಕು. ಸಿರಿವ
ಂತನಿಗೂ ಬಡವನಿಗೂ ಒಂದೇ ಬಗೆಯ ಸಂಪುಟವಿರುವುದೇ ಮೇಲು. ಚಿತೆಯ ಮೇಲೆ ಸಮರಾದವರನ್ನು ಪೆಟ್ಟಿಗೆಯಲ್ಲಿ ಮತ್ತೆ ಬೇರೆ ಮಾಡುವುದು ಯಾವ ಧರ್ಮ?

ಆದುದರಿಂದ ನಮ್ಮ ಸೂಚನೆಗಳು ಇಷ್ಟು. ಕಾವೇರಿ ಮಳಿಗೆಗಳನ್ನು ನಡೆಸುವ ಕರ್ನಾಟಕ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮವು ನುರಿತ ಕೆಲಸಗಾರರನ್ನು ಕೂಡಿಸಿ, ಒಂದು ಪೆಟ್ಟಿಗೆ ಒಂದು ಭರಣಿ ಹೀಗೆ ಎರಡು ಮಾದರಿಗಳನ್ನು ಗೊತ್ತುಮಾಡಲಿ. ನಗರಸಭೆ ಪುರಸಭೆಗಳು ತಮ್ಮ ಊರಿನ ಬಡಗಿಗಳಿಂದಲೇ ಅವುಗಳನ್ನು ಮಾಡಿಸಿ ಪ್ರತಿಯೊಂದು ಚಿತಾಗಾರದಲ್ಲಿಯೂ ಇರಿಸಲಿ. ಬೆಲೆಯನ್ನು ಕನ್ನಡದಲ್ಲಿ, ದಪ್ಪಕ್ಷರಗಳಲ್ಲಿ, ಬಾಗಿಲಲ್ಲಿಯೇ ಬರೆದು ತೂಗಹಾಕಲಿ. ಪಕ್ಕದಲ್ಲಿಯೇ ಕುಂಬಾರನ ಮಡಕೆಯೂ ಅದರ ಬೆಲೆಯೂ ಇರಲಿ. ಕೊಳ್ಳಲಾರದವರಿಗೆ ಅರ್ಜಿ, ವರಮಾನ ಪತ್ರ ಎಂದು ಪೀಡಿಸದೆ ಬಿಟ್ಟಿಯಾಗಿ ಕೊಡಲಿ. ವಾರಸುದಾರರಿಲ್ಲದ ಅಸ್ಥಿಗೆ ಹೆಸರು, ದಿನಾಂಕ, ದಾಖಲೆಯ ಸಂಖ್ಯೆಗಳನ್ನು ಮರದ ಮೇಲೆಯೇ ಕೊರೆದು, ಬೀಗವಿರುವ ಕೋಣೆಯಲ್ಲಿ ಗೊತ್ತಾದ ಅವಧಿಯವರೆಗೆ ಕಾದಿಟ್ಟು, ಆ ಮೇಲೆ ವಿಧಿಪೂರ್ವಕವಾಗಿ ತೀರ್ಥಕ್ಕೆ ಬಿಡಲಿ. ಹೊಳೆಯ ಮೆಟ್ಟಿಲುಗಳಲ್ಲಿ ಪ್ಲಾಸ್ಟಿಕ್ಕನ್ನು ತಡೆದು, ಬರಿದಾದ ಸಂಪುಟಗಳನ್ನು ಒಪ್ಪಿಸಿಕೊಳ್ಳುವ ಒಂದು ಕಟ್ಟೆಯನ್ನು ಕಟ್ಟಿಸಲಿ. ಇದಕ್ಕೆ ಲಕ್ಷೋಪಲಕ್ಷ ರೂಪಾಯಿಗಳ ಯೋಜನೆ ಬೇಕಾಗಿಲ್ಲ. ಒಂದು ನಿರ್ಣಯ, ಒಬ್ಬ ಶ್ರದ್ಧಾವಂತ ಅಧಿಕಾರಿ ಸಾಕು.

ನಮ್ಮ ಅಧಿಕಾರಿವರ್ಗದ ವಾಚಕರಲ್ಲಿ ಒಂದು ಮಾತು. ರಸ್ತೆ, ನೀರು, ದೀಪಗಳ ಲೆಕ್ಕದ ನಡುವೆ ಇದನ್ನು ಯಾವ ಬಾಬಿನಲ್ಲಿ ಸೇರಿಸಬೇಕೆಂದು ತಾವು ಕೇಳಬಹುದು. ಸ್ಮಶಾನವನ್ನು ನೋಡಿಕೊಳ್ಳುವುದು ಪುರಸಭೆಯ ವಿಧ್ಯುಕ್ತ ಕರ್ತವ್ಯಗಳಲ್ಲಿ ಒಂದು. ಊರಿನ ಪ್ರಜೆಯು ಬದುಕಿರುವ ತನಕ ಕಂದಾಯ ಕಟ್ಟುತ್ತಾನೆ. ಅವನು ತನ್ನ ಪುರಸಭೆಯಿಂದ ಪಡೆಯತಕ್ಕ ಕಟ್ಟಕಡೆಯ ಸೇವೆ ಇದೇ. ಅದರ ಬಗೆಗೆ ದೂರು ಹೇಳಲು ಅವನು ಬರುವುದಿಲ್ಲ. ದೂರು ಹೇಳಲಾರದವನ ಕೆಲಸವನ್ನು ಸರಿಯಾಗಿ ಮಾಡುವುದರಲ್ಲಿಯೇ ಆಡಳಿತದ ಪ್ರಾಮಾಣಿಕತೆ ತಿಳಿಯುತ್ತದೆ. ಬಡಗಿಯ ವಿಷಯದಲ್ಲಿಯೂ ಹಾಗೆಯೇ. ಸಂಪುಟದ ಒಳಮೈಯನ್ನು ನಯಮಾಡಿದನೋ ಇಲ್ಲವೋ ಎಂದು ಬೆರಳಾಡಿಸಿ ನೋಡುವ ಗಿರಾಕಿ ಇರುವುದಿಲ್ಲ. ಆದರೂ ನಯಮಾಡುವ ಬಡಗಿಗಳು ನಮ್ಮ ನಾಡಿನಲ್ಲಿ ಇನ್ನೂ ಇದ್ದಾರೆ. ಅವರಿಗೆ ಕೆಲಸ ಕೊಡುವುದು ನಮ್ಮ ಹೊಣೆ.